ಎರಡನೇ ತೂತು

ಆ ಮನೆಯಲ್ಲಿ ಅತ್ತೆಯ ಅಪ್ಪಣೆಯಿಲ್ಲದೆ ಗಾಳಿಯೂ ಡಬ್ಬಿಯೊಳಗೆ ಹೋಗುವಂತಿರಲಿಲ್ಲ. ಉಪ್ಪಿರಲಿ, ಸಕ್ಕರೆಯಿರಲಿ, ಪ್ರತಿ ಮುಚ್ಚಳದ ಒಳಗೂ ಗುಂಡಗೆ ಕತ್ತರಿಸಿದ ಪ್ಲಾಸ್ಟಿಕ್ ಹಾಳೆ. ಆಕೆ ಬಿಗಿದ ಮುಚ್ಚಳ ತೆಗೆಯಲು ಮನೆಯ ಗಂಡಸರೆಲ್ಲ ಸೇರಬೇಕು. ನೋಡಿ ನೋಡಿ ರೂಢಿಯಾಗಿ, ಸೊಸೆಯ ಕಣ್ಣಿಗೆ ಆ ಹಾಳೆಗಳು ಬೀಳುವುದೇ ನಿಂತುಹೋಗಿತ್ತು.

ಅವಳಿಗೀಗ ಬೇರೆಯೇ ಚಿಂತೆ. ಶಾಲೆಯಲ್ಲಿ ವರ್ಷಗಟ್ಟಲೆ ಕಾರಿಡಾರ್ ಗುಡಿಸಿದವಳು ಹಟ ಹಿಡಿದು ಆಟದ ಮೈದಾನದ ಕೆಲಸ ಗಿಟ್ಟಿಸಿಕೊಂಡಿದ್ದಳು. ಅದರ ಜೊತೆಗೆ ಹುಲ್ಲು ಕತ್ತರಿಸುವ ಮೆಷಿನ್ನೂ ಅವಳ ಕೈಗೆ ಬಂತು: ಉದ್ದ ಕೋಲು, ಮೇಲಿನ ತುದಿಗೆ ಪೆಟ್ರೋಲ್ ಎಂಜಿನ್, ಕೆಳಗಿನ ತುದಿಗೆ ಗಿರ್ರೆಂದು ತಿರುಗುವ ನೈಲಾನ್ ದಾರ. ಶಾಲೆಯ ಶೆಡ್ಡು ಸೋರುತ್ತದೆಂದು ಅದನ್ನು ಮನೆಗೆ ತಂದು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಇಡುತ್ತಿದ್ದಳು. ನಾಳೆ ಹುಡುಗಿಯರ ಫುಟ್‌ಬಾಲ್ ಪಂದ್ಯ. ಮೈದಾನ ಪುಟ್ಟದೇ, ಆದರೆ ಹುಲ್ಲು ಮೊಣಕಾಲುದ್ದ. ಮೆಷಿನ್ನೋ, ಚಾಲೂ ಆಗಿ ಸ್ವಲ್ಪ ಹೊತ್ತು ಓಡಿ, ಉಸಿರು ಕಟ್ಟಿದಂತೆ ನಿಂತುಬಿಡುತ್ತಿತ್ತು.

“ಸಂಜೆಯೊಳಗೆ ಆಗದಿದ್ರೆ ಹೊರಗಿನವರಿಗೆ ಒಪ್ಪಿಸ್ತೀನಮ್ಮ,” ಎಂದಿದ್ದರು ಹೆಡ್‌ಮೇಡಂ. “ನೀನು ಮತ್ತೆ ಕಾರಿಡಾರ್ ನೋಡ್ಕೋ.”

ಪೊರಕೆಯ ಮೇಲೆ ಅವಳಿಗೇನೂ ದ್ವೇಷವಿರಲಿಲ್ಲ. ಆದರೆ ಆಕಾಶದ ಕೆಳಗೆ ಕೆಲಸ ಮಾಡಿದ ಮೇಲೆ ಮತ್ತೆ ಆ ಗೋಡೆಗಳ ನಡುವೆ ಹೋಗಬೇಕೆಂದು ನೆನೆದರೇ ಅಳು ಬರುತ್ತಿತ್ತು.

ಮೈದುನನನ್ನು ಮೈದಾನಕ್ಕೇ ಕರೆಸಿದಳು. ಸ್ಕೂಟರ್ ಗ್ಯಾರೇಜಿನವನು. ಸ್ಕ್ರೂಡ್ರೈವರನ್ನು ಎಂಜಿನ್ನಿಗೆ ಒತ್ತಿ, ಅದರ ಹಿಡಿಗೆ ಕಿವಿ ಕೊಟ್ಟು ಆಲಿಸುತ್ತಾನೆಂದು ಬೀದಿಗೆಲ್ಲ ಅವನು ‘ಡಾಕ್ಟರ್’. ಡಾಕ್ಟರು ಹಳೆಯ ಪೆಟ್ರೋಲ್ ಬಸಿದು, ಆಯಿಲ್ ಬೆರೆಸಿದ ಹೊಸದನ್ನು ತುಂಬಿದ. ಪ್ಲಗ್ ಉಜ್ಜಿದ, ಫಿಲ್ಟರ್ ತೊಳೆದ, ಕಾರ್ಬ್ಯುರೇಟರ್ ಬಿಚ್ಚಿ ಅದರ ಸಣ್ಣ ಸಣ್ಣ ತೂತುಗಳಿಗೆಲ್ಲ ಗಾಳಿ ಊದಿದ. ಹಗ್ಗ ಎಳೆದದ್ದೇ ತಡ, ಮೆಷಿನ್ ಎದ್ದಿತು. ಇಬ್ಬರೂ ಬೀಗುವಷ್ಟರಲ್ಲಿ ಮತ್ತೆ ಮಲಗಿತು.

“ಕಾರ್ಬ್ಯುರೇಟರೇ ಹೋಗಿದೆ ಅತ್ತಿಗೆ. ಹೊಸದು ತರಿಸ್ಬೇಕು, ವಾರ ಹಿಡಿಯತ್ತೆ.”

“ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಳಂತೆ!”

“ಹಾಗಾದ್ರೆ ನೀವೇ ಕುಣಿಸಿ. ಇವತ್ತು ಇದು ಓಡಿದ್ರೆ ಕತ್ತರಿಸಿದ ಹುಲ್ಲೆಲ್ಲ ನಾನೇ ಬಾಚ್ತೀನಿ.”

ಅವನು ಸಾಮಾನು ಚೀಲಕ್ಕೆ ತುಂಬತೊಡಗಿದ. ಅವಳು ಪೆಟ್ರೋಲ್ ಎಷ್ಟಿದೆಯೆಂದು ನೋಡಲು ಟ್ಯಾಂಕಿನ ಮುಚ್ಚಳ ತಿರುಗಿಸಿದಳು. ‘ಉಸ್’ ಎಂದಿತು. ಬೆಳಗಿನಿಂದ ತೆಗೆದಾಗಲೆಲ್ಲ ಹಾಗೇ ಎನ್ನುತ್ತಿತ್ತು. ಮುಚ್ಚಿ ಹಗ್ಗ ಎಳೆದಳು, ಎದ್ದಿತು, ಸತ್ತಿತು. ಮತ್ತೆ ತೆಗೆದಳು, ಮತ್ತೆ ‘ಉಸ್’. ಗಾಳಿ ಒಳಗೆ ನುಗ್ಗುವ ಸದ್ದು.

ಅವಳಿಗೆ ಎಣ್ಣೆಯ ಡಬ್ಬ ನೆನಪಾಯಿತು. ಮದುವೆಯಾದ ಹೊಸತರಲ್ಲಿ ಡಬ್ಬಕ್ಕೆ ಒಂದೇ ತೂತು ಹೊಡೆದು ಬಗ್ಗಿಸಿದ್ದಳು. ಎಣ್ಣೆ ಗುಳುಕ್ ಎಂದು ನಿಂತುಹೋಗಿತ್ತು. ಅತ್ತೆ ತಲೆಗೆ ಮೊಟಕಿದ್ದರು. “ಇನ್ನೊಂದು ತೂತು ಹೊಡಿಯೇ ಪೆದ್ದಿ! ಗಾಳಿ ಒಳಗೆ ಹೋಗದೆ ಎಣ್ಣೆ ಹೊರಗೆ ಹೇಗೆ ಬರತ್ತೆ?”

ಮುಚ್ಚಳವನ್ನು ಮಗುಚಿ ನೋಡಿದಳು. ಗಾಳಿಗೆಂದೇ ಬಿಟ್ಟ ತೂತಿನ ಮೇಲೆ, ಪೆಟ್ರೋಲಿನಲ್ಲಿ ನೆಂದು ಅಂಟಿಕೊಂಡ ಪ್ಲಾಸ್ಟಿಕ್ ಹಾಳೆ. ಗುಂಡಗೆ, ಅಂದವಾಗಿ ಕತ್ತರಿಸಿದ್ದು. ಮೈದುನನೂ ಅದನ್ನು ನೋಡಿಯೇ ಇದ್ದ. ಹುಟ್ಟಿದಂದಿನಿಂದ ಅಂಥ ಮುಚ್ಚಳಗಳ ಮನೆಯಲ್ಲೇ ಬೆಳೆದವನಿಗೆ ಅನುಮಾನ ಬರುವುದಾದರೂ ಹೇಗೆ!

“ಕಂಕುಳಲ್ಲಿ ಮಗು ಇಟ್ಕೊಂಡು ಊರೆಲ್ಲ ಹುಡುಕಿದ್ವಲ್ಲಪ್ಪ ಡಾಕ್ಟ್ರೇ!”

ಉಗುರಿನಿಂದ ಹಾಳೆಯನ್ನು ಎಬ್ಬಿಸಿ ತೆಗೆದಳು. ಮುಚ್ಚಳ ಹಾಕಿ ಹಗ್ಗ ಎಳೆದಳು. ಮೆಷಿನ್ ಗರ್ಜಿಸಿತು. ಗೋಲ್ ಕಂಬದ ತನಕ ಹೋದಳು, ಈಗ ಸಾಯುತ್ತದೆ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಸಾಯಲಿಲ್ಲ. ಕಂಬ ದಾಟಿತು, ಮೂಲೆ ದಾಟಿತು, ತಿರುಗಿ ಬಂತು, ಇನ್ನೂ ಗರ್ಜಿಸುತ್ತಲೇ ಇತ್ತು. ಹಸಿ ಹುಲ್ಲಿನ ಚೂರುಗಳು ಮುಖಕ್ಕೆ ರಾಚುತ್ತಿದ್ದರೆ ಅವಳು ಜೋರಾಗಿ ನಗುತ್ತಿದ್ದಳು. ಅಷ್ಟು ಸಂತೋಷ ಅವಳಿಗೆ ಬಹಳ ದಿನದಿಂದ ಆಗಿರಲಿಲ್ಲ.

ಸಂಜೆಗೆ ಮೈದಾನ ಹೊಸದಾಗಿ ಕ್ಷೌರ ಮಾಡಿಸಿಕೊಂಡಂತೆ ಕಾಣುತ್ತಿತ್ತು. ಡಾಕ್ಟರು ಬೆವರು ಒರೆಸಿಕೊಳ್ಳುತ್ತ ಹುಲ್ಲು ಬಾಚುತ್ತಿದ್ದ. ಅಭ್ಯಾಸಕ್ಕೆ ಬಂದ ಹುಡುಗಿಯರು ಕಿಸಕ್ಕೆಂದು ನಗುತ್ತಿದ್ದರು. ಟೀ ಫ್ಲಾಸ್ಕ್ ಹಿಡಿದು ಬಂದ ಅತ್ತೆಯ ಕಣ್ಣು, ಸೊಸೆ ಬೇಲಿಯ ಕಂಬದ ಮೇಲೆ ತೆಗೆದಿಟ್ಟಿದ್ದ ಪ್ಲಾಸ್ಟಿಕ್ ಹಾಳೆಯ ಮೇಲೆ ಬಿತ್ತು.

“ಅಯ್ಯೋ, ಇದ್ಯಾಕೆ ತೆಗೆದೆ? ಅಡುಗೆಮನೆಗೆಲ್ಲ ಪೆಟ್ರೋಲ್ ವಾಸನೆ ಅಂತ ನಾನೇ ಹಾಕಿದ್ದೆ ಕಣೇ!”

ಬೈಯಬೇಕೆಂದುಕೊಂಡ ಸೊಸೆಯ ಬಾಯಿಗೆ ನಗು ಬಂತು. “ಎರಡನೇ ತೂತು ಬೇಕು ಅಂತ ಹೇಳಿಕೊಟ್ಟಿದ್ದೂ ನೀವೇ ಅಲ್ವಾ ಅತ್ತೆ?”

ಅತ್ತೆ ಹಾಳೆಯನ್ನು ನೋಡಿದರು, ಮೆಷಿನ್ನನ್ನು ನೋಡಿದರು. ವಿಷಯ ತಲೆಗೆ ಹೋಗಲು ಕ್ಷಣ ಹಿಡಿಯಿತು. ಆಮೇಲೆ ಹಾಳೆಯನ್ನು ಮುದುರಿ ಕಸದ ಬುಟ್ಟಿಗೆಸೆದು, ಮಗನತ್ತ ತಿರುಗಿ ದನಿಯೇರಿಸಿದರು:

“ಏಯ್, ಆ ಮೂಲೆ ಬಿಟ್ಟಿದೀಯಲ್ಲೋ, ಸರಿಯಾಗಿ ಬಾಚೋ!”

ಹೆಡ್‌ಮೇಡಂ ಮೈದಾನಕ್ಕೆ ಒಂದು ಸುತ್ತು ಬಂದರು. ತಮ್ಮ ಗೊಂಚಲಿನಿಂದ ಮೈದಾನದ ಗೇಟಿನ ಬೀಗದಕೈ ಬಿಡಿಸಿ ಅವಳ ಅಂಗೈಗೆ ಹಾಕಿ, ಕಾರಿಡಾರಿಗೆ ಬೇರೆಯವರನ್ನು ಹುಡುಕಲು ಹೊರಟರು.