ಖಾಲಿ ಹೆಗಲಿನ ಓಟ

ರವಿವಾರ ಪೇಟೆಯ ಹಮಾಲರ ತಂಡಕ್ಕೆ ಬಾಳಪ್ಪ ಮೂವತ್ತು ವರ್ಷಗಳಿಂದ ಮುಕಾದಮ, ಎಂದರೆ ಮೇಸ್ತ್ರಿ. ಹೊರುವ ಮೈ ಬೇರೆ, ಓಡುವ ಮೈ ಬೇರೆ ಎಂಬುದು ಅವನ ನಂಬಿಕೆ. ತಂಡದ ಕಲ್ಮೇಶನ ಎರಡು ಸೋಲುಗಳು ಆ ನಂಬಿಕೆಯನ್ನು ಇನ್ನಷ್ಟು ಗಟ್ಟಿ ಮಾಡಿದ್ದವು.

ಜಾಂಬೋಟಿಯ ಕಲ್ಮೇಶನಿಗೆ ಅರಣ್ಯ ಇಲಾಖೆಯ ಗಾರ್ಡ್ ಆಗುವ ಹಂಬಲ. ನೇಮಕಾತಿಯ ದೈಹಿಕ ಪರೀಕ್ಷೆಗೆ ಹೋದ ಮೊದಲ ಸಲ ಗುಂಡು ಎಸೆತದಲ್ಲಿ ಎಲ್ಲರನ್ನೂ ಮೀರಿಸಿದವನು, ಓಟದ ಮೂರನೆಯ ಸುತ್ತಿಗೆ ಉಸಿರು ಸಿಕ್ಕದೆ ಕುಸಿದಿದ್ದ. ಆ ಛಲಕ್ಕೆ ವರ್ಷವಿಡೀ ಹೊತ್ತು ಗೊತ್ತಿಲ್ಲದೆ ಓಡಿದ. ಹೆಗಲ ಮಾಂಸ ಕರಗಿತು. ಮರುವರ್ಷ ಓಟದಲ್ಲಿ ಗೆದ್ದ. ಗುಂಡು ಗೆರೆ ಮುಟ್ಟಲಿಲ್ಲ. ಈಗ ಉಳಿದದ್ದು ಒಂದೇ ಅವಕಾಶ. ಆಮೇಲೆ ವಯಸ್ಸು ಮೀರುತ್ತದೆ.

ಒಂದು ಮುಂಜಾನೆ ಕಲ್ಮೇಶ ಅಕ್ಕಿಯ ಚೀಲವನ್ನು ನಿಧಾನವಾಗಿ, ಬೆನ್ನು ಬಾಗಿಸದೆ ಅಂಗಡಿಯೊಳಗೆ ಇಳಿಸಿ, ಲಾರಿಯ ಕಡೆಗೆ ಓಡುತ್ತ ಮರಳಿದ. ಹಮಾಲರಲ್ಲಿ ಖಾಲಿ ಹೆಗಲಿನ ದಾರಿಯೆಂದರೆ ವಿಶ್ರಾಂತಿ. ತಂಬಾಕು ತಿಕ್ಕುವ ವೇಳೆ. ಅಲ್ಲಿ ಯಾರೂ ಓಡುವುದಿಲ್ಲ.

"ಏನಲೇ, ಒಳಗ ಹಾವು ಕಂಡಿ ಏನ?" ಎಂದು ತಂಡದ ಹಿರಿಯ ಹಮಾಲ ದುಂಡಪ್ಪ ನಕ್ಕ.

"ಇಲ್ಲ ಕಾಕಾ. ಹೊರೂದು ಹೆಗಲಿಗೆ, ಓಡೂದು ಉಸರಿಗೆ. ಎರಡೂ ಕೂಡೇ ಬೆಳೀಬೇಕು."

ಒಂದು ದಿನ ಹೀಗೆ ಓಡಿದರೆ ಮರುದಿನ ಎಲ್ಲರಂತೆ ನಡೆಯುತ್ತಿದ್ದ. ಮೊಳಕೆ ಬಂದ ಮಡಿಕೆಕಾಳು ತಿಂದು, ಹಾಲು ಕುಡಿದು, ಮಧ್ಯಾಹ್ನ ಕಡ್ಡಾಯವಾಗಿ ಮಲಗುತ್ತಿದ್ದ. "ಮೈ ಬೆಳಿಯೂದು ಮಲಗಿದಾಗರಿ ಮುಕಾದಮ್ರ" ಎನ್ನುತ್ತಿದ್ದ.

ವಾರ ಕಳೆಯುವಷ್ಟರಲ್ಲಿ ಅಂಗಡಿಯ ಸಾವಕಾರ ಎಲ್ಲರೂ ಹಾಗೇ ಓಡಲಿ ಎಂದ. ದುಂಡಪ್ಪ ಕೆರಳಿದ: "ಇವನ ಸಂಬಂಧ ನಾನೂ ಓಡಬೇಕೇನ್ರಿ? ನನಗ ಮೊಮ್ಮಕ್ಕಳದಾವ!"

ತಂಡಕ್ಕೆಲ್ಲ ಒಂದೇ ನಡಿಗೆ ಎಂಬ ಕಟ್ಟಳೆ ಬಾಳಪ್ಪನದೇ. ಕಲ್ಮೇಶನನ್ನು ತಡೆಯಲೆಂದೇ ಅವನು ಎದ್ದ. ಆದರೆ ಲಾರಿಗೆ ಆನಿಸಿದ ಹಲಗೆಯ ಮೇಲೆ ಇಳಿದು ಬರುತ್ತಿದ್ದ ಆ ದೇಹವನ್ನು ಕಂಡು ನಿಂತುಬಿಟ್ಟ. ಭಾರದಡಿಯಲ್ಲಿ ಬಂಡೆಯಂತಿದ್ದದ್ದು, ಭಾರ ಇಳಿದ ಮರುಗಳಿಗೆ ಹಳ್ಳದ ನೀರಾಗುತ್ತಿತ್ತು. ಮೂವತ್ತು ವರ್ಷ ಹೆಗಲುಗಳನ್ನಷ್ಟೇ ನೋಡಿದ ಕಣ್ಣು ಮೊದಲ ಬಾರಿಗೆ ಉಸಿರನ್ನು ನೋಡಿತು.

"ಸಾವಕಾರ್ರ, ಇನ್ನ ಮುಂದ ದಿನದ ಕಡೀ ಲಾರಿ ಕಲ್ಮೇಶ ಒಬ್ಬಂದ. ಅವ ಓಡ್ತಾನ, ಉಳದವ್ರು ನಡೀತಾರ. ಮತ್ತೊಬ್ರು ಓಡಬೇಕಂದ್ರ ನೀವ ಬರ್ರಿ, ಕೂಡೇ ಓಡೂಣು."

ಎಲ್ಲರೂ ನಕ್ಕರು. ಹೊಟ್ಟೆ ಹೊತ್ತ ಸಾವಕಾರನೂ ನಗಬೇಕಾಯಿತು.

ಮೂರು ತಿಂಗಳ ಬಳಿಕ ಖಾನಾಪುರದ ಮೈದಾನದಲ್ಲಿ ಬಾಳಪ್ಪ ಬೇಲಿ ಹಿಡಿದು ನಿಂತಿದ್ದ. ಓಟದಲ್ಲಿ ಕಲ್ಮೇಶ ಆರನೆಯವನು. ಆದರೂ ನಿಗದಿತ ಸಮಯದೊಳಗೇ ಬಂದ. ಅವನ ಮುಂದೆ ಓಡಿದವರಲ್ಲಿ ಇಬ್ಬರು ನೆಲಕ್ಕೆ ಬಿದ್ದು ಏದುಸಿರು ಬಿಡುತ್ತಿದ್ದರು. ಕಲ್ಮೇಶ ಸೊಂಟದ ಮೇಲೆ ಕೈಯಿಟ್ಟು ನಿಂತ. ಎದೆ ಏರಿತು, ಇಳಿಯಿತು, ಮೆಲ್ಲಗೆ ತನ್ನ ಲಯಕ್ಕೆ ಮರಳಿತು. ಹೆಸರು ಕರೆದಾಗ ಹೋಗಿ ಗುಂಡು ಎತ್ತಿದ. ಅದು ಗೆರೆಯಿಂದ ಒಂದು ಮೊಳ ಆಚೆಗೆ ಮಣ್ಣು ಹಾರಿಸಿ ಬಿತ್ತು.

ಬಾಳಪ್ಪನ ಕಣ್ಣು ಮಂಜಾಯಿತು. ಪಕ್ಕದಲ್ಲಿದ್ದ ಸಿಪಾಯಿ ಕೇಳಿದ: "ನಿಮ್ಮ ಮಗಾ ಏನ್ರೀ ಅಜ್ಜಾರ?"

"ಅಲ್ಲರೀ," ಎಂದ ಬಾಳಪ್ಪ, ಮುಖದ ತುಂಬ ನಗುತ್ತ. "ನಾ ಅವನ ಮುಕಾದಮ. ಭಾರೀ ಚಲೋ ಆಳು ಕಳಕೊಂಡೆ ನೋಡ್ರಿ ಇವತ್ತ."