ಕಿಟಕಿಯ ಮುಂದೆ ಹೇಳಬೇಕಾದ ಮಾತು

ಹಮಾಲನ ಮಗ ಗಾಂಜಾ ಸೇದಿದರೆ ಅದು ದುರ್ನಡತೆ, ನಿಮ್ಮ ಮಗ ಸೇದಿದರೆ ಅದು ಗ್ರಹಚಾರ. ಈ ಎರಡು ಬಗೆಯ ತೂಕದ ಕಲ್ಲುಗಳನ್ನು, ಓದುಗರೇ, ನೀವು ಯಾವ ಪೇಟೆಯಲ್ಲಿ ಕೊಂಡಿರಿ?

ಕೋಪಿಸಿಕೊಳ್ಳುವ ಮೊದಲು ಕಂಪ್ಲಿಯ ಜಡೆಪ್ಪನವರ ಕಥೆಯನ್ನು ಕೇಳಿ. ಅವರೂ ನಿಮ್ಮಂತೆ ಮರ್ಯಾದಸ್ಥರೇ. ಮೂರು ತಲೆಮಾರಿನಿಂದ ನಡೆದುಬಂದ ಅಕ್ಕಿ ಗಿರಣಿಯ ಯಜಮಾನರು. ಹಣೆಗೆ ವಿಭೂತಿ ಧರಿಸದೆ ಗಿರಣಿಯ ಬೀಗ ತೆಗೆದವರಲ್ಲ. ಬುಕ್ಕಸಾಗರದ ರೈತರು ಭತ್ತ ತಂದರೆ ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಚೀಲಕ್ಕೆ ಯಾರ ಕೈಯನ್ನೂ ತಾಗಗೊಡುತ್ತಿರಲಿಲ್ಲ. ಅಂಥವರು 2003ರ ಸುಗ್ಗಿಯಲ್ಲಿ ಒಂದು ನ್ಯಾಯ ಮಾಡಿದರು.

ಅವರ ಗಿರಣಿಯಲ್ಲಿ ಗಾಳೆಪ್ಪನೆಂಬ ಹಮಾಲನಿದ್ದ. ಅವನ ಮಗ ಬಸವರಾಜನೂ ಅಲ್ಲಿಯೇ ಚೀಲ ಹೊರುತ್ತಿದ್ದ. ಒಂದು ಮಧ್ಯಾಹ್ನ ಆ ಹುಡುಗ ಹೊಟ್ಟಿನ ರಾಶಿಯ ಹಿಂದೆ ಚಿಲುಮೆಯೊಡನೆ ಸಿಕ್ಕಿಬಿದ್ದ. ಹೊಟ್ಟಿಗೆ ಕಿಡಿ ತಾಗಿದ್ದರೆ ಗಿರಣಿಯೇ ಉರಿದುಹೋಗುತ್ತಿತ್ತು. ಕೆಲಸದಿಂದ ತೆಗೆದಿದ್ದರೆ ಅದು ನ್ಯಾಯವಾಗುತ್ತಿತ್ತು. ಜಡೆಪ್ಪನವರು ಅಷ್ಟಕ್ಕೆ ನಿಲ್ಲಲಿಲ್ಲ. ಭತ್ತ ಒಣಹಾಕುವ ಕಣದ ನಟ್ಟನಡುವೆ ಅವನನ್ನು ನಿಲ್ಲಿಸಿ, ಚಿಲುಮೆಯನ್ನು ಅವನ ಅಂಗೈಯಲ್ಲಿ ಹಿಡಿಸಿ, ಭತ್ತ ತಂದವರು, ಅಕ್ಕಿ ಒಯ್ಯಲು ಬಂದವರು ಎಲ್ಲರನ್ನೂ ಕರೆದರು.

"ನೋಡ್ರಿ, ಇದು ಗಾಂಜಾ. ಇವ ಗಾಂಜಾ ಸೇದಾಂವ. ಮಖ ನೆನಪಿಟ್ಕೊಳ್ರಿ," ಎಂದರು.

ನೂರು ಜನ ನೋಡಿದರು. ಬೆನ್ನ ಮೇಲೆ ಚೀಲ ಹೊತ್ತಿದ್ದ ಗಾಳೆಪ್ಪ ಅದನ್ನು ಇಳಿಸುವುದನ್ನೂ ಮರೆತು ಬಾಗಿಕೊಂಡೇ ನಿಂತಿದ್ದ. ಅಂದಿನಿಂದ ಊರು ಆ ಹುಡುಗನನ್ನು ‘ಗಾಂಜಾ ಬಸ್ಯಾ’ ಎಂದು ಕರೆಯಿತು. ಅವನು ಕಂಪ್ಲಿಯನ್ನೇ ಬಿಟ್ಟ. ಗಾಳೆಪ್ಪ ಮಾತ್ರ ಬಿಡಲಾರದೆ ಅದೇ ಗಿರಣಿಯಲ್ಲಿ ಚೀಲ ಹೊರುತ್ತ ಉಳಿದ. ಜಡೆಪ್ಪನವರು ಆ ರಾತ್ರಿ ನೆಮ್ಮದಿಯಾಗಿ ನಿದ್ರಿಸಿದರು. ಅದನ್ನು ನೆನೆದರೆ ಈಗ ಅವರಿಗೆ ನಿದ್ರೆ ಬರುವುದಿಲ್ಲ.

ಕೆಂಪು ಮಣ್ಣಿಗೆ ಚಿನ್ನದ ಬೆಲೆ ಬಂದ ಕಾಲವದು. ಅವರ ಒಬ್ಬನೇ ಮಗ ರೇವಣಸಿದ್ದನಿಗೆ ಗಿರಣಿಯ ತೌಡಿನ ವಾಸನೆ ಸಾಕಾಗಿ, ಎರಡು ಟಿಪ್ಪರ್ ಕೊಂಡು ಸಂಡೂರಿನ ಗಣಿಗಳಿಂದ ಗಾದಿಗನೂರಿನ ಬಳಿಯ ದಾಸ್ತಾನು ಪ್ಲಾಟಿಗೆ ಕಬ್ಬಿಣದ ಅದಿರು ಸಾಗಿಸತೊಡಗಿದ. ತೂಕದ ಸರದಿಯಲ್ಲಿ ಲಾರಿಗಳು ಹಗಲೂ ರಾತ್ರಿ ನಿಲ್ಲುತ್ತಿದ್ದವು. ಆ ಸಾಲಿನಲ್ಲಿ ಹೊತ್ತು ಕಳೆಯಲು ಚಾಲಕರು ಕೈಯಿಂದ ಕೈಗೆ ದಾಟಿಸುತ್ತಿದ್ದ ಚಿಲುಮೆಯನ್ನು ಅವನೂ ಮುಟ್ಟಿದ. ಮುಂದೆ ಅದಕ್ಕಾಗಿಯೇ, ಗಾಂಜಾ ಸುಲಭವಾಗಿ ಸಿಗುವ ಹಂಪಿಯ ಹೊಳೆಯಾಚೆಗೆ ಹೋಗುವುದು ರೂಢಿಯಾಯಿತು. ಒಮ್ಮೆ ಟಿಪ್ಪರನ್ನು ಗಾದಿಗನೂರಿನಲ್ಲಿ ನಿಲ್ಲಿಸಿ, ನಿಲ್ಲಿಸಿದ್ದನ್ನೇ ಮರೆತು, ಎರಡು ದಿನ ಸಂಡೂರಿನ ಬೀದಿಗಳಲ್ಲಿ ಅದನ್ನು ಹುಡುಕಿದ. ಚಾಲಕರು ನಕ್ಕರು. ನಗುತ್ತಲೇ ಆ ಸುದ್ದಿಯನ್ನು ತಂದೆಗೆ ಮುಟ್ಟಿಸಿದರು.

2007ರ ಯುಗಾದಿಯ ಮರುದಿನ ರೇವಣಸಿದ್ದ ತಾನಾಗಿಯೇ ತಂದೆಯ ಎದುರು ಬಂದು ನಿಂತ. ಇಪ್ಪತ್ತಾರು ವರ್ಷದ ಗಂಡಸು.

"ಅಪ್ಪಾ, ಗಾಂಜಾ ಬಿಡಬೇಕಂತೀನಿ, ಆಗವಲ್ದು. ಎಲ್ಲ್ಯಾರ ತೋರ್ಸು."

ಇದಕ್ಕಿಂತ ನೇರವಾದ ಮಾತನ್ನು ಯಾವ ಮಗ ಹೇಳಬಲ್ಲ? ಯಾವ ತಂದೆ ಇದಕ್ಕಿಂತ ಸುಲಭವಾದ ಅವಕಾಶವನ್ನು ಬೇಡಬಲ್ಲ? ಜಡೆಪ್ಪನವರು ಎದ್ದುಹೋಗಿ ಬೀದಿಬಾಗಿಲು ಹಾಕಿ ಬಂದರು.

"ಆ ಶಬ್ದ ಇನ್ನೊಮ್ಮೆ ಈ ಮನ್ಯಾಗ ಆಡಬ್ಯಾಡ," ಎಂದರು.

ಅವನು ಆಡಲಿಲ್ಲ.

ಚಿಕಿತ್ಸೆ ಬೇಕೆಂಬುದು ತಂದೆ ತಾಯಿಗೆ ತಿಳಿಯದ ಸಂಗತಿಯಾಗಿರಲಿಲ್ಲ. ಎಲ್ಲಿ ಎಂಬುದೇ ಪ್ರಶ್ನೆ. ಮಾನಸಿಕ ಆಸ್ಪತ್ರೆಯಿರುವ ಧಾರವಾಡದ ಹೆಸರನ್ನು ಎತ್ತುವಂತಿರಲಿಲ್ಲ. ‘ನಿನ್ನನ್ನು ಧಾರವಾಡಕ್ಕೆ ಕಳಿಸಬೇಕು’ ಎನ್ನುವುದು ನಮ್ಮ ಕಡೆ ಹುಚ್ಚರಿಗೆ ಆಡುವ ಬೈಗುಳ. ಬಳ್ಳಾರಿಯಲ್ಲಿ ಬೀಗರಿದ್ದರು. ಹೊಸಪೇಟೆಯಲ್ಲಿ ಅಕ್ಕಿ ವ್ಯಾಪಾರಿಗಳೆಲ್ಲ ಪರಿಚಯದವರು. ಆರು ತಿಂಗಳು ಗುರುತಿನವರಿಲ್ಲದ ಊರನ್ನು ಅವರು ಹುಡುಕಿದರೇ ಹೊರತು ಗುಣವಾಗುವ ಊರನ್ನಲ್ಲ.

ಕೊನೆಗೆ ಸಂಡೂರಿನ ಗುಡ್ಡದ ಹಳ್ಳಿಯೊಂದರಲ್ಲಿ ಎರ್ರಿಯಪ್ಪನೆಂಬ ಮುದುಕ ಕುಡುಕರಿಗೆ ಬೇರಿನ ಪುಡಿ ಕೊಡುತ್ತಾನೆಂಬ ಮಾತು ತಾಯಿ ಕೊಟ್ರಮ್ಮನ ಕಿವಿಗೆ ಬಿತ್ತು. ತಿಳಿಯದಂತೆ ಅಡಿಗೆಯಲ್ಲಿ ಬೆರೆಸಬೇಕು, ಕುಡಿತ ವಾಕರಿಕೆಗೆ ತಿರುಗುತ್ತದೆ ಎಂಬುದು ವಾಡಿಕೆ. ಗಣಿಯ ಆ ವರ್ಷಗಳಲ್ಲಿ ಕುಡಿತವೆಂಬುದು ಮಾನವಂತರ ಕಾಯಿಲೆಯಾಗಿತ್ತು. ದೊಡ್ಡ ದೊಡ್ಡವರೆಲ್ಲ ಕುಡಿಯುತ್ತಿದ್ದರು. ಗಾಂಜಾ ಮಾತ್ರ ಬೈರಾಗಿಗಳದು, ಹಮಾಲರದು. ಆದ್ದರಿಂದ ಗಂಡ ಹೆಂಡತಿ ಮಗನನ್ನು ಕುಡುಕನನ್ನಾಗಿ ಮಾಡಿಕೊಂಡು ಗುಡ್ಡ ಹತ್ತಿದರು.

ಆ ಮುದುಕನಾದರೂ ಎಚ್ಚರಿಸದೆ ಇರಲಿಲ್ಲ. "ಕುಡಿಯೋದೇ ಹೌದಲ್ರಿ? ಬ್ಯಾರೆದ್ದಕ್ಕ ಇದು ನಡೆಯಂಗಿಲ್ಲ," ಎಂದು ಎರಡು ಸಲ ಕೇಳಿದ. ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ವಾಲಿದರೂ ಸಹಿಸದ ಜಡೆಪ್ಪನವರು ಎರಡು ಸಲವೂ ಹೌದೆಂದು ತಲೆಯಾಡಿಸಿದರು.

ಪುಡಿ ಸಾರಿಗೆ ಬಿತ್ತು. ಒಂದು ಹನಿಯೂ ಕುಡಿಯದ ರೇವಣಸಿದ್ದ ಮೂರು ದಿನ ವಾಂತಿ ಮಾಡಿಕೊಂಡ. ಗಾಂಜಾ ಅವನಿಗೆ ಮೊದಲೇ ಸಂಶಯವನ್ನು ಕಲಿಸಿತ್ತು. ಯಾರಾದರೂ ಪಿಸುಗುಟ್ಟಿದರೆ ತನ್ನ ವಿಷಯವೇ ಎಂದುಕೊಳ್ಳುತ್ತಿದ್ದ. ನಾಲ್ಕನೆಯ ದಿನ ಸಾಸಿವೆ ಡಬ್ಬಿಯೊಳಗೆ ಆ ಪೊಟ್ಟಣ ಅವನ ಕೈಗೆ ಸಿಕ್ಕಿತು. ಅವನು ಕೂಗಾಡಲಿಲ್ಲ. ಪೊಟ್ಟಣವನ್ನು ತಾಯಿಯ ಮುಂದಿಟ್ಟು, "ನೀನೂ ಏನವ್ವಾ?" ಎಂದಷ್ಟೇ ಕೇಳಿದ. ಅಂದಿನಿಂದ ಆ ಮನೆಯಲ್ಲಿ ಒಂದು ತುತ್ತನ್ನೂ ಮುಟ್ಟಲಿಲ್ಲ. ಕೊಟ್ರಮ್ಮ ದಿನವೂ ಬಡಿಸಿ ಇಟ್ಟಳು, ದಿನವೂ ತೆಗೆದು ದನದ ಬಾನಿಗೆ ಸುರಿದಳು.

ಮರುವಾರ ಹೊಸಪೇಟೆಯಿಂದ ದಲಾಲಿಯೊಬ್ಬ ಬಂದ. ದೂರದ ಊರಿನಲ್ಲಿ ವ್ಯಸನ ಬಿಡಿಸುವ ಕೇಂದ್ರವೊಂದಿದೆ, ಮೂರು ತಿಂಗಳು ಒಳಗಿಡುತ್ತಾರೆ, ತಂದೆ ತಾಯಿಯೂ ನೋಡುವಂತಿಲ್ಲ, ಬುಧವಾರ ಬೆಳಿಗ್ಗೆ ಜೀಪಿನಲ್ಲಿ ನಾಲ್ಕು ಜನ ಬಂದು ಎತ್ತಿಕೊಂಡು ಹೋಗುತ್ತಾರೆ ಎಂದು ವಿವರಿಸಿದ. ಅಲ್ಲಿ ವೈದ್ಯರು ಯಾರು ಎಂದು ಜಡೆಪ್ಪನವರು ಕೇಳಲಿಲ್ಲ. ಊರಿಗೆ ಏನೆಂದು ಹೇಳುವುದು ಎಂದು ಕೇಳಿದರು.

"ಗೋವಾದಾಗ ಹಡಗಿಗೆ ಅದಿರು ತುಂಬೋ ವ್ಯವಹಾರ ನೋಡಾಕ ಹೋಗ್ಯಾನ ಅನ್ರಿ, ಸಾವ್ಕಾರ್ರ. ಕೇಳಿದೋರು ಇನ್ನಷ್ಟು ಕೈ ಮುಗೀತಾರ," ಎಂದ ಆತ.

ಜಡೆಪ್ಪನವರಿಗೆ ಆ ಉತ್ತರ ಹಿಡಿಸಿತು. ಬುಧವಾರಕ್ಕೆ ಒಪ್ಪಿದರು.

ಭಾನುವಾರ ಸಂಜೆ ಅವರಿಗೆ ಬೇರೊಂದು ಪ್ರಶ್ನೆ ಕಾಡಿತು. ಹತ್ತು ದಿನದಿಂದ ಮನೆಯಲ್ಲಿ ಉಣ್ಣದ ಮಗ ಬದುಕಿರುವುದಾದರೂ ಹೇಗೆ? ದೂರದಿಂದ ಅವನನ್ನು ಹಿಂಬಾಲಿಸಿದರು. ಅವನು ಹೋಟೆಲಿಗೆ ಹೋಗಲಿಲ್ಲ. ಹಮಾಲರ ಓಣಿಗೆ ಹೋಗಿ, ಗಾಳೆಪ್ಪನ ಗುಡಿಸಲ ಬಾಗಿಲಲ್ಲಿ ಬಗ್ಗಿ ಒಳಹೊಕ್ಕ. ಮೂವತ್ತು ವರ್ಷ ತಮ್ಮ ಗಿರಣಿಯ ಚೀಲ ಹೊತ್ತವನ ಆ ಮನೆಯೊಳಗೆ ಜಡೆಪ್ಪನವರು ಒಂದು ದಿನವೂ ಕಾಲಿಟ್ಟವರಲ್ಲ. ಬಾಗಿಲಿನಿಂದಲೇ ಕಂಡಿತು: ಗಾಳೆಪ್ಪನ ಹೆಂಡತಿ ಜಂಬವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಳೆ. ಮಗ ಅವಳ ಕೈಯನ್ನೇ ನೋಡುತ್ತ, ಹಂಚಿನಿಂದ ನೇರವಾಗಿ ತಟ್ಟೆಗೆ ಬಿದ್ದ ರೊಟ್ಟಿಯನ್ನು ಮುರಿದು ತಿನ್ನುತ್ತಿದ್ದಾನೆ. ತಂದೆಯನ್ನು ಕಂಡೊಡನೆ ತಟ್ಟೆ ಬಿಟ್ಟು ಎದ್ದು ಹೊರಟುಹೋದ.

"ಉಣ್ಣೋ ಹೊತ್ತಿಗೆ ಬಂದ್ರೆಲ್ರಿ, ಸಾವ್ಕಾರ್ರ. ಅರ್ಧ ರೊಟ್ಟಿ ಉಳದ್ಬಿಡ್ತು," ಎಂದಳು ಜಂಬವ್ವ, ತಲೆಯೆತ್ತದೆ.

ಗಾಳೆಪ್ಪ ಚಾಪೆ ಹಾಸಿ ಕುಂದ್ರಿ ಎಂದ. ಜಡೆಪ್ಪನವರು ಕುಳಿತರು. ಬಸವರಾಜ ಚಟ ಬಿಟ್ಟನೆಂಬ ಮಾತು ಹಮಾಲರ ಬಾಯಿಂದ ಅವರ ಕಿವಿಗೂ ಬಿದ್ದಿತ್ತು. ನಿಮ್ಮ ಹುಡುಗನದು ಹೇಗೆ ಗುಣವಾಯಿತು ಎಂದು ಕೇಳಿದರು. ಏನು ಗುಣವಾಯಿತು ಎಂಬುದನ್ನು ಬಾಯಿಬಿಟ್ಟು ಹೇಳಲಿಲ್ಲ.

ಗಾಳೆಪ್ಪ ಮುಚ್ಚುಮರೆಯಿಲ್ಲದೆ ಹೇಳಿದ. ಹೊಸಪೇಟೆಯ ಸರ್ಕಾರಿ ಆಸ್ಪತ್ರೆಗೆ ಮಂಗಳವಾರದ ದಿನ ಬಳ್ಳಾರಿಯಿಂದ ಮನಸ್ಸಿನ ಡಾಕ್ಟರಮ್ಮ ಬರುತ್ತಾರೆ. ಎಂಟು ತಿಂಗಳು ಮಗನೊಡನೆ ಹೋಗಿ ಸಾಲಿನಲ್ಲಿ ನಿಂತದ್ದಾಯಿತು. ನಡುವೆ ಎರಡು ಸಲ ಮತ್ತೆ ಸೇದಿದ, ಮತ್ತೆ ಕರೆದುಕೊಂಡು ಹೋದೆವು. ಈಗ ಅದೇ ಊರಿನ ಟಿಪ್ಪರ್ ಗ್ಯಾರೇಜಿನಲ್ಲಿ ಬಸವರಾಜ ದುಡಿಯುತ್ತಿದ್ದಾನೆ. ಸಣ್ಣ ಸಾವ್ಕಾರರ ಟಿಪ್ಪರ್ ರಿಪೇರಿಗೆ ಅಲ್ಲಿಗೇ ಬರುತ್ತಿತ್ತು, ಹಾಗೆ ಇಬ್ಬರಿಗೂ ಒಡನಾಟ ಬೆಳೆಯಿತು.

ಸಾಲು, ಸರ್ಕಾರಿ ಆಸ್ಪತ್ರೆ, ಗುರುತಿನ ಜನ. ಜಡೆಪ್ಪನವರು ನೆಲ ನೋಡಿದರು. ಅಲ್ಲಿ ಬೇರೆ ಏನಾದರೂ ಕಾಯಿಲೆಯ ಹೆಸರು ಬರೆಸಲು ಬರುತ್ತದೆಯೇ ಎಂದು ತಗ್ಗಿದ ದನಿಯಲ್ಲಿ ಕೇಳಿದರು.

ಗಾಳೆಪ್ಪ ಮೂವತ್ತು ವರ್ಷದಲ್ಲಿ ಮೊದಲ ಸಲ ಅವರ ಮುಖವನ್ನು ನೆಟ್ಟ ನೋಟದಿಂದ ನೋಡಿದ.

"ನನ್ನ ಮಗಂದು ನೂರು ಮಂದಿ ಮುಂದ ಹೇಳಾಕ ನಿಮಗ ನಾಚಿಕಿ ಆಗ್ಲಿಲ್ಲ, ಸಾವ್ಕಾರ್ರ. ನಿಮ್ಮ ಮಗಂದು ಒಬ್ರ ಮುಂದ ಹೇಳ್ರಿ, ಸಾಕು."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಜಡೆಪ್ಪನವರು ಎದ್ದು ಬರಬಹುದಾಗಿತ್ತು.

ಮಂಗಳವಾರ ಬೆಳಿಗ್ಗೆ ಅವರು, ಕೊಟ್ರಮ್ಮ, ರೇವಣಸಿದ್ದ ಮೂವರೂ ಹೊಸಪೇಟೆಯ ಬಸ್ಸು ಹತ್ತಿದರು. ಮಗ ಬಂದದ್ದು ತಂದೆಯ ಮಾತಿಗಲ್ಲ. ಬಸವರಾಜ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಾನೆಂದು ಜಂಬವ್ವ ಹೇಳಿದ್ದಕ್ಕೆ. ಆತ ಗ್ರೀಸು ಹತ್ತಿದ ಅಂಗಿಯಲ್ಲೇ ಬಂದಿದ್ದ. ನಮಸ್ಕಾರ್ರಿ ಎಂದು ಹಿರಿಯರಿಬ್ಬರಿಗೂ ಕೈಮುಗಿದು, ರೇವಣಸಿದ್ದನ ತೋಳು ಹಿಡಿದು ನಡೆದ. ಜಡೆಪ್ಪನವರು ಅವನ ಬೆನ್ನನ್ನು ನೋಡುತ್ತ ಹಿಂದೆ ನಡೆದರು. ಮುಖ ನೋಡುವ ಧೈರ್ಯವಿರಲಿಲ್ಲ.

ಚೀಟಿ ಬರೆಯುವ ಕಿಟಕಿಯ ಹಿಂದೆ ಕುಳಿತಿದ್ದವಳು ಶಾಂತಕ್ಕ, ಕಂಪ್ಲಿಯವಳೇ. ಅವಳ ಮನೆಗೆ ಇಂದಿಗೂ ಅಕ್ಕಿ ಹೋಗುವುದು ಜಡೆಪ್ಪನವರ ಗಿರಣಿಯಿಂದ.

"ಸಾವ್ಕಾರ್ರು ಇಲ್ಲಿಗ್ಯಾಕ ಬಂದ್ರಿ? ಬಿ.ಪಿ. ತೋರ್ಸಾಕೇನ್ರಿ?" ಎಂದು ಅಕ್ಕರೆಯಿಂದ ಕೇಳಿದಳು.

ಹೌದು ಎನ್ನುವುದು ಎಷ್ಟು ಸುಲಭವಾಗಿತ್ತು! ಆ ಸುಳ್ಳನ್ನು ಅವರು ಹುಡುಕಬೇಕಾಗಿಯೂ ಇರಲಿಲ್ಲ, ಅವಳೇ ಬಡಿಸಿ ಕೊಟ್ಟಿದ್ದಳು. ಹೌದೆಂದು ಚೀಟಿ ಪಡೆದು ಮನೆಗೆ ತಿರುಗಿದರೆ ನಾಳೆ ಬೆಳಿಗ್ಗೆ ಜೀಪು ಬರುತ್ತದೆ, ಮಗ ಗೋವಾಕ್ಕೆ ಹೋದನೆಂದು ಊರು ಕೈಮುಗಿಯುತ್ತದೆ. ಬೆನ್ನ ಹಿಂದೆ ರೇವಣಸಿದ್ದ ನಿಂತಿದ್ದ. ಅವನ ಪಕ್ಕದಲ್ಲಿ, ಒಮ್ಮೆ ಅಂಗೈಯಲ್ಲಿ ಚಿಲುಮೆ ಹಿಡಿದು ನಿಂತವನಿದ್ದ.

"ನನಗಲ್ಲವ್ವ, ಮಗಗ. ಗಾಂಜಾ ಸೇದತಾನ," ಎಂದರು. ಮೇಲೆ ಫ್ಯಾನು ಗರಗರ ಸದ್ದು ಮಾಡುತ್ತಿತ್ತು. ಕೇಳಲಿಲ್ಲ, ಏನಂದ್ರಿ ಎಂದು ಅವಳು ಕಿಟಕಿಗೆ ಕಿವಿಯಿಟ್ಟಳು. ಎರಡನೆಯ ಸಲ ಅವರು ಹೇಳಿದ್ದು ಸಾಲಿನ ತುದಿಯವರೆಗೂ ಕೇಳಿಸಿತು. ನಾಲ್ಕಾರು ಜನ ತಿರುಗಿ ನೋಡಿದರು. ಶಾಂತಕ್ಕ ಹೆಸರು, ವಯಸ್ಸು ಬರೆದುಕೊಂಡು, ಏಳನೇ ಕೋಣೆ ಎಂದು ಚೀಟಿ ಹೊರಗಿಟ್ಟಳು. ಆಕಾಶ ಕಳಚಿ ಬೀಳಲಿಲ್ಲ. ಇಷ್ಟು ಸಣ್ಣ ಕೆಲಸಕ್ಕೆ ಏಳು ತಿಂಗಳು ಮಗನನ್ನು ಕೊಳೆಯಿಸಿದೆನಲ್ಲ ಎಂಬ ನಾಚಿಕೆ ಮಾತ್ರ, ಜನ ನೋಡಿದ ನಾಚಿಕೆಗಿಂತ ನೂರು ಪಾಲು ಹೆಚ್ಚಾಗಿ ಅವರನ್ನು ಹಿಡಿಯಿತು.

ಡಾಕ್ಟರಮ್ಮ ಯಾವ ಪವಾಡವನ್ನೂ ವಾಗ್ದಾನ ಮಾಡಲಿಲ್ಲ. ಮೊದಲ ಎರಡು ವಾರ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಕೋಪ ಬರುತ್ತದೆ, ಅದಕ್ಕೆ ಮನೆಯವರು ಕೋಪದಿಂದ ಉತ್ತರಿಸಬಾರದು, ನಡುವೆ ತಪ್ಪಿದರೂ ಮುಂದಿನ ಮಂಗಳವಾರ ತಪ್ಪದೆ ಬರಬೇಕು ಎಂದರು. ಪುಡಿಯ ಸಂಗತಿ ಕೇಳಿ, ತಿಳಿಸದೆ ಏನನ್ನೂ ತಿನ್ನಿಸಬೇಡಿ ಎಂದು ಕೊಟ್ರಮ್ಮನಿಗೆ ಕಟ್ಟುನಿಟ್ಟಾಗಿ ಹೇಳಿದರು. ಇದು ಎಂದಿನಿಂದ ಗೊತ್ತು ಎಂಬ ಪ್ರಶ್ನೆಗೆ ಜಡೆಪ್ಪನವರು ಯುಗಾದಿಯಿಂದ ಎಂದರು. ರೇವಣಸಿದ್ದ ತಂದೆಯ ಕಡೆ ನೋಡಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ಕೊಟ್ರಮ್ಮ ಬುತ್ತಿ ಬಿಚ್ಚಿದಳು. ಮಗ ದೂರ ಕುಳಿತ. ಅವಳು ಕರೆಯಲಿಲ್ಲ. ಪ್ರತಿ ರೊಟ್ಟಿಯ ಅಂಚನ್ನು ಮುರಿದು, ಪಲ್ಯ, ಮೊಸರು, ಚಟ್ನಿಪುಡಿ ಎಲ್ಲದರಿಂದಲೂ ಒಂದೊಂದು ಚೂರು ತೆಗೆದು, ಅವನಿಗೆ ಕಾಣುವಂತೆ ತಾನೇ ಮೊದಲು ತಿಂದಳು. ಹೆತ್ತ ಮಗನ ಮುಂದೆ ತಾಯಿ ತನ್ನ ಅಡಿಗೆಗೆ ಸಾಕ್ಷಿ ಒದಗಿಸಬೇಕಾದ ಆ ಹೊತ್ತು ಯಾವ ಹೆಂಗಸಿಗೂ ಬಾರದಿರಲಿ. ಬಸವರಾಜ ಒಂದು ರೊಟ್ಟಿ ತೆಗೆದುಕೊಂಡು, "ಮಸ್ತ್ ಆಗೈತ್ಲೇ, ಬಾ. ಇಲ್ಲಾಂದ್ರ ಎಲ್ಲಾ ನಾನಽ ಖಾಲಿ ಮಾಡ್ತೀನಿ," ಎಂದ. ಬಹಳ ಹೊತ್ತಿಗೆ ರೇವಣಸಿದ್ದ ಬಂದು, ತಾಯಿ ಅಂಚು ಮುರಿದ ರೊಟ್ಟಿಯನ್ನೇ ಎತ್ತಿಕೊಂಡ.

ಜಡೆಪ್ಪನವರು ಬಸವರಾಜನ ಕೈಗೆ ತಾವೇ ನೀರು ಹಾಕಿದರು. ಅವನು ಕೈ ತೊಳೆದು ಗ್ಯಾರೇಜಿಗೆ ಹೋದ.

ಬುಧವಾರ ಜೀಪು ಬಂದಾಗ ಅದನ್ನು ಬೀದಿಯಿಂದಲೇ ಹಿಂದಕ್ಕೆ ಕಳಿಸಿದರು. ಆಮೇಲೆ ಕಣಕ್ಕೆ ಹೋದರು. ಭತ್ತದ ಗಾಡಿಗಳು ಬಂದಿದ್ದವು. ಗಾಡಿಯವನೊಬ್ಬ ಚೀಲ ಇಳಿಸಲು ಆಳಿಲ್ಲದೆ, ‘ಗಾಂಜಾ ಬಸ್ಯಾನ ಅಪ್ಪ ಎಲ್ಲದಾನ?’ ಎಂದು ಕೂಗಿದ. ಜಡೆಪ್ಪನವರು ಕಣದ ನಡುವೆ, ನಾಲ್ಕು ವರ್ಷದ ಹಿಂದೆ ಆ ಹುಡುಗನನ್ನು ನಿಲ್ಲಿಸಿದ್ದ ಜಾಗದಲ್ಲಿಯೇ ನಿಂತರು.

"ಅವನ ಹೆಸರು ಬಸವರಾಜ. ಆ ಕೆಟ್ಟ ಹೆಸರು ಇಟ್ಟಾಂವ ನಾನು. ಈಗ ನನ್ನ ಮಗಾನೂ ಅದನ್ನಽ ಸೇದತಾನ. ಅವನ್ನ ಆಸ್ಪತ್ರಿಗೆ ಕೈ ಹಿಡಕೊಂಡು ಹೋದಾಂವ ಆ ಬಸವರಾಜ."

ಗಾಳೆಪ್ಪ ಬೆನ್ನ ಮೇಲಿನ ಚೀಲವನ್ನು ಮೆಲ್ಲನೆ ಕೆಳಗಿಳಿಸಿ, ನೆಟ್ಟಗೆ ನಿಂತ.

ರೇವಣಸಿದ್ದ ಮೂರನೆಯ ವಾರ ಒಮ್ಮೆ ತಪ್ಪಿದ. ನಾಲ್ಕನೆಯ ಮಂಗಳವಾರ ತಂದೆಯೊಡನೆ ಮತ್ತೆ ಅದೇ ಸಾಲಿನಲ್ಲಿ ನಿಂತ.

ಇನ್ನು ನಿಮ್ಮ ಸರದಿ. ಎಲ್ಲಿಯಾದರೂ ತೋರಿಸು ಎಂದು ನಿಮ್ಮ ಮನೆಯಲ್ಲಿ ಯಾರಾದರೂ ಕೇಳಿದ್ದರೆ ಬೀದಿಬಾಗಿಲು ಹಾಕಬೇಡಿ, ಚಪ್ಪಲಿ ಮೆಟ್ಟಿಕೊಂಡು ಅವರೊಡನೆ ಹೊರಡಿ. ಕಿಟಕಿಯ ಮುಂದೆ ಕಾಯಿಲೆಯ ನಿಜವಾದ ಹೆಸರನ್ನು ಹೇಳಿ. ಹೋಗುವ ದಾರಿಯಲ್ಲಿ, ನೀವು ಅಡ್ಡಹೆಸರಿಟ್ಟು ಊರು ಬಿಡಿಸಿದ ಆ ಒಬ್ಬನ ಮನೆಯ ಬಾಗಿಲಲ್ಲಿ ನಿಂತು, ಅವನನ್ನು ಅವನ ಸ್ವಂತ ಹೆಸರಿನಿಂದ ಕರೆಯಿರಿ.