ಕೆಂಪು ಡಬ್ಬಿ ತೇಲಿದ ಜಾಗ

ನೀರಿನ ಮೇಲೆ ತೇಲುವ ಒಂದು ಕೆಂಪು ಡಬ್ಬಿ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಎಣ್ಣೆಯ ಖಾಲಿ ಡಬ್ಬಿ ಅದು. ಮುಚ್ಚಳಕ್ಕೆ ಮೇಣ ಮೆತ್ತಿ, ಬಣ್ಣ ಬಳಿದು, ಹಗ್ಗದ ತುದಿಗೆ ಕಲ್ಲು ಕಟ್ಟಿ ಇಳಿಬಿಟ್ಟಿದ್ದರು. ಅದನ್ನು ಅಲ್ಲಿ ಇಳಿಬಿಡಿಸಿದವನು ನಾನು.

ಆಗ ನಾನು ಆ ಊರಿನ ಭೂಮಾಪನ ಕಚೇರಿಯಲ್ಲಿದ್ದೆ. ಊರಾಚೆ ಅಣೆಕಟ್ಟಿನ ಹಿನ್ನೀರು, ಅದರಡಿಯಲ್ಲಿ ಮುಳುಗಿದ ಒಂದು ಹಳ್ಳಿ. ಆ ಹಳ್ಳಿಯ ದುಂಡವ್ವ ಎಂಬ ಹೆಂಗಸು ಒಂದು ದಿನ ನನ್ನ ಮೇಜಿನ ಮುಂದೆ ಬಂದು ನಿಂತಳು. ಹನ್ನೊಂದು ತಿಂಗಳ ಮಗು ತೀರಿಕೊಂಡಾಗ ಹಿತ್ತಲ ಬೇವಿನ ಬುಡದಲ್ಲಿ ಮಣ್ಣು ಮಾಡಿದ್ದರಂತೆ. ಊರು ಬಿಡುವಾಗ ಅದನ್ನು ಅಗೆದು ತರಲು ಅವಳಿಗೆ ಮನಸ್ಸು ಬಂದಿರಲಿಲ್ಲ.

"ವರ್ಷಕ್ಕೊಮ್ಮೆ ಹಾಲು ಹಾಕಬೇಕ್ರಿ ಸಾಹೇಬ್ರ. ನೀರಾಗ ನನ್ನ ಹಿತ್ತಲ ಎಲ್ಲಿ ಬರತೈತಿ, ಅಷ್ಟು ತೋರಸ್ರಿ," ಎಂದಳು.

ಕಚೇರಿಯವರು ಮುಸಿಮುಸಿ ನಕ್ಕರು. ನಾನು ನಗಲಿಲ್ಲ. ಕರುಣೆಯಿಂದ ಅಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ. ನನಗೆ ಹೊಸ ಯಂತ್ರ ಬಂದಿತ್ತು. ಅಂಗೈಯಗಲದ್ದು; ನಿಂತ ಜಾಗದ ಅಕ್ಷಾಂಶ, ರೇಖಾಂಶಗಳನ್ನು ಉಪಗ್ರಹಗಳ ನೆರವಿನಿಂದ ಹೇಳುತ್ತಿತ್ತು. ಅದರ ಕರಾಮತ್ತು ತೋರಿಸಲು ನನಗೊಂದು ನೆಪ ಬೇಕಿತ್ತು. ಮುಳುಗಡೆಗೆ ಮುಂಚೆ ಮನೆಮನೆಯನ್ನೂ ಅಳೆದು ಬರೆದ ಹಳೆಯ ನಕ್ಷೆ ತೆಗೆದು, ಅವಳ ಹಿತ್ತಲಿನ ಡಿಗ್ರಿ, ಮಿನಿಟು, ಸೆಕೆಂಡುಗಳನ್ನು ಬರೆದುಕೊಂಡೆ.

ಅಂಬಿಗರ ದ್ಯಾಮಣ್ಣನ ದೋಣಿಯಲ್ಲಿ ಹೋದೆವು. ಯಂತ್ರದ ಅಂಕಿ ಕಾಗದದ ಅಂಕಿಗೆ ತಾಳೆಯಾದ ಕೂಡಲೇ ನಿಲ್ಲಿಸಲು ಹೇಳಿದೆ.

ದುಂಡವ್ವ ನೀರು ನೋಡಲಿಲ್ಲ. ತಲೆಯೆತ್ತಿ ದಡದತ್ತ ನೋಡಿದಳು. ಅಲ್ಲಿ ಪಾಳು ಕೋಟೆಯ ಒಂದು ಬುರುಜು, ಅದರ ಹಿಂದೆ ದೂರದಲ್ಲಿ ಜೋಡಿ ಗುಡ್ಡ.

"ನಮ್ಮ ಹಿತ್ತಲದಾಗ ನಿಂತರ ಬುರುಜು ಎರಡೂ ಗುಡ್ಡದ ನಟ್ಟನಡುವ ಕಾಣತಿತ್ತರಿ. ಇಲ್ಲಿ ಬಾಜೂಕ ಸರಿದೈತಿ."

"ಕಣ್ಣು ಮೋಸ ಮಾಡತಾವ ಯವ್ವಾ, ಅಂಕಿ ಮಾಡೂದಿಲ್ಲ," ಎಂದೆ. ಎಂಥ ಸೊಕ್ಕು ನನ್ನದು!

ಅವಳು ಮತ್ತೊಮ್ಮೆ ಬುರುಜು ನೋಡಿದಳು, ನನ್ನ ಕೈಯ ಯಂತ್ರ ನೋಡಿದಳು. "ನೀವು ಓದಿದವರು," ಎಂದಳು. ದ್ಯಾಮಣ್ಣ ಡಬ್ಬಿ ಇಳಿಬಿಟ್ಟ. ಅವಳು ಹಾಲು ಸುರಿದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ದಡ ಸೇರಿದ ಮೇಲೆ ನನ್ನ ಕಾಲು ಮುಟ್ಟಲು ಬಂದಳು. ಬೇಡ ಬೇಡ ಅನ್ನುತ್ತಲೇ ನಾನು ಒಳಗೊಳಗೆ ಉಬ್ಬಿಹೋದೆ.

ಏಳು ವರ್ಷ ಅವಳು ಅಲ್ಲೇ ಹಾಲು ಹಾಕಿದಳು. ಪ್ರತಿ ಸಲ ಮರಳುವಾಗ ಕಚೇರಿಗೆ ಬಂದು ನನ್ನ ಮೇಜಿನ ಮೇಲೆ ಒಂದು ಗಂಟು ಹುರಿದ ಶೇಂಗಾ ಇಟ್ಟು ಹೋಗುತ್ತಿದ್ದಳು.

ಎಂಟನೆಯ ವರ್ಷ, ಹಾಲು ಹಾಕುವ ದಿನಕ್ಕೆ ಇನ್ನೊಂದು ವಾರವಿರುವಾಗ, ಮೇಲಿನಿಂದ ಒಂದು ಸುತ್ತೋಲೆ ಬಂತು. ಭೂಮಿ ನೆಟ್ಟಗೆ ಗುಂಡಗಿಲ್ಲ. ಅಳೆಯುವವರು ಮೊದಲು ಅದಕ್ಕೊಂದು ಆಕಾರವನ್ನು ಒಪ್ಪಿಕೊಂಡು, ಆಮೇಲೆ ಅದರ ಮೇಲೆ ಗೆರೆ ಎಳೆಯಬೇಕು. ಹಳೆಯ ನಕ್ಷೆಯವರು ಒಪ್ಪಿದ ಆಕಾರ ಒಂದು, ಯಂತ್ರದ್ದು ಇನ್ನೊಂದು. ಒಂದೇ ಸೀರೆಯನ್ನು ಇಬ್ಬರು ತಂತಮ್ಮ ಮೊಳದಲ್ಲಿ ಅಳೆದ ಹಾಗೆ. ಹಳೆಯ ಅಂಕಿಗಳನ್ನು ತಿದ್ದದೆ ಯಂತ್ರದ ಜೊತೆ ಹೊಂದಿಸಬಾರದು ಎಂದು ಸುತ್ತೋಲೆಯಲ್ಲಿತ್ತು. ದುಂಡವ್ವನ ಹಿತ್ತಲಿನ ಅಂಕಿ ತಿದ್ದಿ ಲೆಕ್ಕ ಹಾಕಿದೆ. ನೂರೆಪ್ಪತ್ತು ಮೀಟರು ತಪ್ಪಿದ್ದೆ.

ದ್ಯಾಮಣ್ಣನನ್ನು ಕರೆದುಕೊಂಡು ತಿದ್ದಿದ ಜಾಗಕ್ಕೆ ಹೋದೆ. ಈ ಸಲ ನಾನೂ ತಲೆಯೆತ್ತಿ ನೋಡಿದೆ. ಬುರುಜು ಎರಡು ಗುಡ್ಡಗಳ ನಟ್ಟನಡುವೆ ನಿಂತಿತ್ತು.

"ಆಕಿಗೆ ಹೇಳಬ್ಯಾಡ್ರಿ ಸಾಹೇಬ್ರ," ಎಂದ ದ್ಯಾಮಣ್ಣ. "ಡಬ್ಬಿ ಸುಮ್ಮ ಇಲ್ಲಿಗೆ ತಂದು ಬಿಡೂಣು."

ಒಂದು ಗಳಿಗೆ ನನಗೂ ಹಾಗೇ ಅನ್ನಿಸಿತು. ಆದರೆ ಅವಳ ಕಣ್ಣನ್ನು ಒಮ್ಮೆ ಸುಳ್ಳು ಮಾಡಿದವನಿಗೆ ಇನ್ನೊಮ್ಮೆ ಮಾಡುವ ಧೈರ್ಯ ಬರಲಿಲ್ಲ. ಸಂಜೆ ಅವಳ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಜೋಳ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು.

"ಹಂಗಾರ ಏಳು ವರ್ಷ ನನ್ನ ಕೂಸು ಹಸಗೊಂಡ ಇತ್ತೇನ್ರಿ?"

ಅವಳು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಹಾಲಿನ ದಿನ ನಾನು ಯಂತ್ರ ಒಯ್ಯಲಿಲ್ಲ. ಬುರುಜಿನ ಮೇಲೇ ಕಣ್ಣಿಟ್ಟು ದುಂಡವ್ವ ತಾನೇ ದಾರಿ ಹೇಳಿದಳು: "ಇನ್ನಷ್ಟು ಎಡಕ್ಕ ತಗೋ ದ್ಯಾಮಣ್ಣ... ಹಾಂ, ನಿಲ್ಲಸು." ಕೊಡದಿಂದ ಚಂಬಿಗೆ ತುಂಬಿ ತುಂಬಿ ಹಾಲು ಸುರಿದಳು. ಆ ವರ್ಷದ್ದೊಂದು, ಉಳಿದ ವರ್ಷಗಳದ್ದು ಏಳು. ಅಳಲಿಲ್ಲ.

"ಡಬ್ಬಿ ಇಲ್ಲಿಗೆ ತರಲೇನು ಯಕ್ಕಾ?" ಎಂದು ದ್ಯಾಮಣ್ಣ ಕೇಳಿದ.

"ಬ್ಯಾಡ. ಬುರುಜು ಐತಲ್ಲ."

ಆ ವರ್ಷ ನನ್ನ ಮೇಜಿಗೆ ಶೇಂಗಾದ ಗಂಟು ಬರಲಿಲ್ಲ, ಮುಂದೆಂದೂ ಬರಲಿಲ್ಲ. ಆ ದಿನ ದೋಣಿ ಮರಳುವಾಗ ಕೆಂಪು ಡಬ್ಬಿಯ ಪಕ್ಕದಲ್ಲೇ ಹಾದುಬಂತು. ದುಂಡವ್ವ ಅತ್ತ ತಿರುಗಲಿಲ್ಲ. ನಾನು ನೋಡಿದೆ. ಅಡಿಯಲ್ಲಿ ಯಾರೂ ಇಲ್ಲದ ನೀರಿನ ಮೇಲೆ ಅದು ಮೆಲ್ಲಗೆ ಅಲುಗುತ್ತ ತೇಲುತ್ತಿತ್ತು.